ಎರಡು ಮನೆಗಳ ಎಂಜಿನಿಯರ್

ತಂದೆಯ ನಾಡು ಒಂದು, ತಾಯಿಯ ನಾಡು ಇನ್ನೊಂದು. ಅಥವಾ ಪೂರ್ವಿಕರ ನಾಡು ಒಂದು, ತಾನು ಹುಟ್ಟಿ ಬೆಳೆದ ನಾಡು ಇನ್ನೊಂದು. ಇಂತಹ ಮನೆಗಳಲ್ಲಿ ಬೆಳೆದು ಎಂಜಿನಿಯರಿಂಗ್ ಪದವಿ ಪಡೆದ ತರುಣ ತರುಣಿಯರಿಗೆ ಹೊರನಾಡಿನಲ್ಲಿ ಉದ್ಯೋಗ ಅನಾಯಾಸವಾಗಿ ದೊರೆಯುವುದೆಂಬ ನಂಬಿಕೆ ಸಾಮಾನ್ಯವಾಗಿದೆ. ಎರಡು ಸಂಸ್ಕೃತಿಗಳನ್ನು ಬಲ್ಲವನಿಗೆ ಎರಡು ಬಾಗಿಲುಗಳು ತೆರೆದಿರುತ್ತವೆಯಲ್ಲವೇ? ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಜಪಾನಿನ ನಿದರ್ಶನದಿಂದ ಪರಿಶೀಲಿಸಬಹುದು.

1908ರಲ್ಲಿ 'ಕಸಾತೊ ಮಾರು' ಎಂಬ ಹಡಗು 781 ಮಂದಿ ಜಪಾನೀಯರನ್ನು ಹೊತ್ತು ಕೋಬೆ ಬಂದರಿನಿಂದ ಹೊರಟು, ಜೂನ್ 18ರಂದು ಬ್ರೆಜಿಲ್ ದೇಶದ ಸಾಂತೋಸ್ ಬಂದರನ್ನು ಸೇರಿತು. ಕಾಫಿ ತೋಟಗಳಲ್ಲಿ ಕೂಲಿ ಮಾಡಿದ ಆ ಜನರ ಮಕ್ಕಳು, ಮೊಮ್ಮಕ್ಕಳು ವಿದ್ಯಾವಂತರಾದರು. ಅವರಲ್ಲಿ ಎಂಜಿನಿಯರುಗಳೂ ಇದ್ದರು. ಮುಂದೆ ಬ್ರೆಜಿಲ್‌ನಲ್ಲಿ ಹಣದುಬ್ಬರ ಮಿತಿಮೀರಿತು. ಜಪಾನಿನ ಕಾರ್ಖಾನೆಗಳಿಗೆ ಆಳುಗಳ ಕೊರತೆಯಾಯಿತು. 1990ರಲ್ಲಿ ಜಾರಿಗೆ ಬಂದ ಕಾನೂನು ಮೂರನೆಯ ತಲೆಮಾರಿನವರೆಗಿನ ವಂಶಜರಿಗೆ ಜಪಾನಿನಲ್ಲಿ ನೆಲೆಸಿ ದುಡಿಯಲು ಅವಕಾಶ ನೀಡಿತು. 2007ರ ವೇಳೆಗೆ ಅಲ್ಲಿದ್ದ ಬ್ರೆಜಿಲ್ ಪ್ರಜೆಗಳ ಸಂಖ್ಯೆ ಮೂರು ಲಕ್ಷವನ್ನು ಮೀರಿತ್ತು. ಆದರೆ ಅವರಿಗೆ ದೊರೆತ ಕೆಲಸವಾದರೂ ಎಂತಹುದು? ಪದವೀಧರರೂ ಹಮಾಮತ್ಸುವಿನಂತಹ ಊರುಗಳಲ್ಲಿ ವಾಹನದ ಬಿಡಿಭಾಗಗಳನ್ನು ಜೋಡಿಸುವ ಸಾಲಿನಲ್ಲಿ ನಿಂತರು. ಮುಖ ಜಪಾನೀಯರದು, ನಾಲಗೆ ಪೋರ್ಚುಗೀಸರದು. 2008ರ ಆರ್ಥಿಕ ಕುಸಿತದಲ್ಲಿ ಮೊದಲು ಕೆಲಸ ಕಳೆದುಕೊಂಡವರಲ್ಲಿ ಇವರು ಸೇರಿದ್ದರು. ಮರುವರ್ಷ ಸರ್ಕಾರವು ತಲಾ ಮೂರು ಲಕ್ಷ ಯೆನ್ ಕೊಟ್ಟು ಇವರನ್ನು ಬ್ರೆಜಿಲ್‌ಗೆ ಹಿಂದಿರುಗಿಸುವ ಯೋಜನೆಯನ್ನು ಹೂಡಿತು. ಕರೆದದ್ದೂ ರಕ್ತಸಂಬಂಧದ ಹೆಸರಿನಲ್ಲಿಯೇ ಎಂಬುದನ್ನು ನೆನೆದರೆ ಇದು ಕಠೋರವಾಗಿ ತೋರುತ್ತದೆ.

ಹಾಗಾದರೆ ಮನೆಯಲ್ಲಿ ಜಪಾನಿ ಭಾಷೆಯನ್ನಾಡುತ್ತ ಅಮೆರಿಕದಂತಹ ದೇಶದಲ್ಲಿ ಓದಿದವನ ಸ್ಥಿತಿ ಏನು? ಅವನಿಗೂ ತೊಡಕುಗಳುಂಟು. ಜಪಾನಿನ ದೊಡ್ಡ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಅವರು ಓದುತ್ತಿರುವಾಗಲೇ ಆರಿಸಿ, ಏಪ್ರಿಲ್ 1ರಂದು ಒಟ್ಟಾಗಿ ಕೆಲಸಕ್ಕೆ ಸೇರಿಸಿಕೊಳ್ಳುವುದು ರೂಢಿ. ಮೇ ತಿಂಗಳಲ್ಲಿ ಪದವಿ ಪಡೆದವನು ಈ ಸಾಲಿನಿಂದ ಹೊರಗುಳಿಯುತ್ತಾನೆ. ಇಂತಹವರಿಗಾಗಿಯೇ ಅಮೆರಿಕದ ಬಾಸ್ಟನ್ ನಗರದಲ್ಲಿ 1987ರಿಂದ ಉದ್ಯೋಗ ಮೇಳವೊಂದು ನಡೆದುಬಂದಿದೆ.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದೇ. ಅಡಿಗೆಮನೆಯಲ್ಲಿ ಕಲಿತ ಮಾತು ಕಾರ್ಖಾನೆಯಲ್ಲಿ ಸಾಲದು. 'ಕೋಸಾ' ಎಂಬ ಶಬ್ದವನ್ನು ತೆಗೆದುಕೊಳ್ಳಿ. ಒಂದು ಲಿಪಿಚಿಹ್ನೆಯಲ್ಲಿ ಬರೆದರೆ ಅದು ಒಂದನ್ನೊಂದು ಅಡ್ಡಹಾಯುವುದು. ಬೇರೊಂದರಲ್ಲಿ ಬರೆದರೆ, ಯಂತ್ರದ ಬಿಡಿಭಾಗದ ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ. ಕಿವಿಗೆ ಎರಡೂ ಒಂದೇ. ನಿತ್ಯವ್ಯವಹಾರಕ್ಕೆಂದು ಸರ್ಕಾರ ಗೊತ್ತುಪಡಿಸಿರುವ ಚಿಹ್ನೆಗಳೇ 2,136. ಇವುಗಳನ್ನು ಓದಲಾರದವನಿಗೆ ನಕ್ಷೆಯೂ ಮೂಕವೇ. ಮರ್ಯಾದೆಯ ಮಾತಂತೂ ಬೇರೆಯೇ ಒಂದು ವಿದ್ಯೆ. 'ಹೇಳು' ಎಂಬುದಕ್ಕೆ ಹಿರಿಯರ ವಿಷಯದಲ್ಲಿ 'ಒಸ್ಶಾರು', ವಿನಯದಿಂದ ತನ್ನ ವಿಷಯದಲ್ಲಿ 'ಮೋಸು' ಎನ್ನಬೇಕು. ನಾವು 'ಬಾ' ಎನ್ನುವ ಕಡೆ 'ದಯಮಾಡಿಸಿ' ಎನ್ನುವುದುಂಟಷ್ಟೆ. ಆದರೆ ಅಲ್ಲಿ ಇದು ದಿನದ ಪ್ರತಿಯೊಂದು ಪತ್ರದಲ್ಲಿಯೂ ಬರುತ್ತದೆ.

ಪೌರತ್ವದ ಪ್ರಶ್ನೆಯೂ ಇದೆ. 1985ಕ್ಕೆ ಮೊದಲು, ತಾಯಿ ಜಪಾನಿನವಳಾಗಿದ್ದು ತಂದೆ ವಿದೇಶಿಯನಾದರೆ ಮಗುವಿಗೆ ಜಪಾನಿನ ಪೌರತ್ವ ದೊರೆಯುತ್ತಿರಲಿಲ್ಲ. ಈಗ ದೊರೆಯುತ್ತದೆ, ಆದರೆ ಎರಡು ಪೌರತ್ವಗಳೊಡನೆ ಬೆಳೆದವನು 20 ವರ್ಷ ತುಂಬುವುದರೊಳಗೆ ಒಂದನ್ನು ಆರಿಸಿಕೊಳ್ಳಬೇಕೆಂದು 2022ರಿಂದ ಕಾನೂನು ವಿಧಿಸುತ್ತದೆ. ಅದಕ್ಕೆ ಮೊದಲು ಈ ಮಿತಿ 22 ವರ್ಷವಿತ್ತು. ಪದವಿಯೂ ಉದ್ಯೋಗವೂ ಕೈಸೇರುವ ಮೊದಲೇ ತರುಣನು ತಂದೆತಾಯಿಯರ ನಾಡುಗಳಲ್ಲಿ ಒಂದನ್ನು ಬಿಡಬೇಕೆಂಬುದು ಸುಲಭದ ಮಾತಲ್ಲ.

ಇಷ್ಟೆಲ್ಲ ಇದ್ದರೂ ಈ ತರುಣರಿಗೇ ಮೀಸಲೆನ್ನಬಹುದಾದ ಕೆಲಸವೊಂದುಂಟು. ಜಪಾನಿನ ಸಂಸ್ಥೆಗಳು ತಮ್ಮ ಗಣಕ ಕಾರ್ಯಗಳನ್ನು ಬೆಂಗಳೂರಿನಂತಹ ನಗರಗಳಲ್ಲಿ ಮಾಡಿಸುವಾಗ ನಡುವೆ ನಿಲ್ಲುವವನನ್ನು ಅಲ್ಲಿ 'ಸೇತುವೆ ಎಂಜಿನಿಯರ್' ಎಂದೇ ಕರೆಯುತ್ತಾರೆ. ಟೋಕಿಯೊದ ಅಧಿಕಾರಿ 'ಕೆಂತೋ ಶಿಮಾಸು', ಎಂದರೆ 'ಪರಿಶೀಲಿಸುತ್ತೇವೆ' ಎನ್ನುತ್ತಾನೆ. ನಿಘಂಟನ್ನು ನಂಬಿದವನು ಒಪ್ಪಿಗೆಗಾಗಿ ಕಾಯುತ್ತಾನೆ. ಮನೆಯಲ್ಲಿ ತಾಯಿ ಅದೇ ಧ್ವನಿಯಲ್ಲಿ 'ನೋಡೋಣ' ಎಂದದ್ದನ್ನು ಕೇಳಿ ಬೆಳೆದವನು, ಇದು ಬಹುಶಃ ನಯವಾದ ನಿರಾಕರಣೆಯೆಂದು ಅರಿತು, ಬೆಂಗಳೂರಿನವರಿಗೆ ಬೇರೊಂದು ಯೋಜನೆಯನ್ನು ಸಿದ್ಧಪಡಿಸುವಂತೆ ಆ ಸಂಜೆಯೇ ಬರೆಯುತ್ತಾನೆ.