ಇಂದಿನ ಧಮ್ಮ ಚಿಂತನೆ: ಎರಡನೆಯ ಬಾಣ ಯಾರಿಗೆ ತಗುಲಿತು?



ಇಂದಿನ ಅಧ್ಯಯನಕ್ಕೆ ಸಲ್ಲ ಸುತ್ತವನ್ನು ತೆಗೆದುಕೊಳ್ಳೋಣ. ನಮ್ಮ ಬಳಗದಲ್ಲಿ ಇದನ್ನು ಹಲವು ಸಲ ಓದಿದ್ದೇವೆ. ಎರಡು ಸಲ ನಾನೇ ವಿವರಿಸಿದ್ದೇನೆ. ಆದರೆ ಅದರ ಅರ್ಥ ನನಗೆ ನಿಜವಾಗಿ ಹತ್ತಿದ್ದು ಹೋದ ವರ್ಷ, ಮನೆಯಿಂದ ಸುಮಾರು 900 ಕಿ.ಮೀ. ದೂರದಲ್ಲಿ, ಹೆದ್ದಾರಿಯ ಪಕ್ಕದಲ್ಲಿ. ಆ ದಿನ ನಾನು ನಡೆದುಕೊಂಡ ರೀತಿಯನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು.

*ನಡೆದದ್ದು*

ಅಶೋಕ ವಿಜಯದಶಮಿಗೆ ನಾಗಪುರದ ದೀಕ್ಷಾಭೂಮಿಗೆ ಹೋಗಬೇಕೆಂಬುದು ನಮ್ಮ ಅವ್ವನ ಬಹಳ ವರ್ಷಗಳ ಆಸೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಬುದ್ಧ ಧಮ್ಮಕ್ಕೆ ಬಂದ ನೆಲ ಅದು. ಅವ್ವನಿಗೆ ಈಗ 78. ಸಕ್ಕರೆ ಕಾಯಿಲೆ, ಮಂಡಿ ನೋವು. ರೈಲಿನ ನೂಕುನುಗ್ಗಲು ಆಗುವುದಿಲ್ಲ. ಹಾಗಾಗಿ ಪರಿಚಿತರೊಬ್ಬರಿಂದ ಒಂದು ಕ್ಯಾರವಾನ್ ಬಾಡಿಗೆಗೆ ತೆಗೆದುಕೊಂಡೆ. ಹಳೆಯ ಮಿನಿ ಬಸ್ಸಿನೊಳಗೆ ಮಲಗಲು ಹಾಸಿಗೆ, ಪುಟ್ಟ ಅಡುಗೆ ಕಟ್ಟೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಅವ್ವನ ಇನ್ಸುಲಿನ್ ಇಡಲು ಸಣ್ಣ ಫ್ರಿಜ್ ಎಲ್ಲ ಇತ್ತು. ಬಳಗದ ಐದು ಜನ, ಅವ್ವ, ನಮ್ಮ ಬೀದಿಯ ಡ್ರೈವರ್ ಹುಡುಗ, ಒಟ್ಟು ಏಳು ಜನ ಬೆಂಗಳೂರಿನಿಂದ ಹೊರಟೆವು.

ಹೈದರಾಬಾದ್ ದಾಟಿ, ಆದಿಲಾಬಾದ್ ದಾಟಿ, ಪೈನ್‌ಗಂಗಾ ನದಿಯ ಸೇತುವೆ ಹಾಯ್ದು ಮಹಾರಾಷ್ಟ್ರಕ್ಕೆ ಬಂದೆವು. ಎರಡೂ ಕಡೆ ಕಪ್ಪು ಮಣ್ಣು, ಹತ್ತಿ ಹೊಲ. ನಾಗಪುರಕ್ಕೆ ಇನ್ನು ಮೂರು ಗಂಟೆಯ ದಾರಿ. ಪಾಂಢರಕವಡಾ ಊರಿಗೆ ಇನ್ನೂ ಸ್ವಲ್ಪ ದೂರವಿದ್ದಾಗ ಮುಂದೆ 'ಟಪ್' ಎಂದು ಸದ್ದಾಯಿತು. ಬ್ಯಾಟರಿಯ ಕೆಂಪು ದೀಪ ಹತ್ತಿತು. ಸ್ಟೇರಿಂಗ್ ಬಿಗಿಯಾಯಿತು. ನೋಡುನೋಡುತ್ತಿದ್ದಂತೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಹುಡುಗ ಗಾಬರಿಯಾಗದೆ ಗಾಡಿಯನ್ನು ಎಡಕ್ಕೆ ತಂದು ನಿಲ್ಲಿಸಿದ. ಬಾನೆಟ್ಟಿನಿಂದ ಹಬೆ. ಎಂಜಿನ್ ಬೆಲ್ಟ್ ತುಂಡಾಗಿತ್ತು. ಆ ಗಾಡಿಯಲ್ಲಿ ನೀರಿನ ಪಂಪು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಪವರ್ ಸ್ಟೇರಿಂಗ್ ಮೂರೂ ತಿರುಗುವುದು ಆ ಒಂದೇ ಬೆಲ್ಟಿನಿಂದ.

ಸಮಯ ಸಂಜೆ ನಾಲ್ಕು. ಮರುದಿನ ದಸರಾ. ನಾನು ಕೆಳಗಿಳಿದವನೇ ಮೊದಲು ಮಾಡಿದ ಕೆಲಸವೆಂದರೆ ಆ ಹುಡುಗನನ್ನು ಬೈದದ್ದು. "ಹೊರಡೋ ಮುಂಚೆ ಗಾಡಿ ನೋಡ್ಕೊಳ್ಳಕ್ಕಾಗಲ್ವೇನೋ ನಿಂಗೆ? ಅವ್ವನ್ನ ಇಲ್ಲಿಗೆ ತಂದು ಕೂರಿಸಿದ್ಯಲ್ಲೋ!" ರಸ್ತೆಯಲ್ಲಿ, ಎಲ್ಲರೆದುರಿಗೆ, ಏಕವಚನದಲ್ಲಿ. ಅವನು ಒಂದು ಮಾತೂ ಆಡಲಿಲ್ಲ. ಹಿಂದಕ್ಕೆ ನಡೆದುಹೋಗಿ ಎಚ್ಚರಿಕೆಯ ತ್ರಿಕೋನ ಇಟ್ಟು ಬಂದ. ಚಕ್ರಕ್ಕೆ ಕಲ್ಲು ಕೊಟ್ಟ. ಅವ್ವನನ್ನು ಕೈಹಿಡಿದು ಇಳಿಸಿ ರಸ್ತೆಯಾಚೆ ಮರದ ಕೆಳಗೆ ಕೂರಿಸಿದ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿದ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದವನೂ ಅವನೇ. ಹೆದ್ದಾರಿಯ ಗಸ್ತು ಗಾಡಿ ಬಂದು, ಕ್ರೇನ್ ಕರೆಸಿ, ನಮ್ಮನ್ನು ಹತ್ತಿರದ ಒಂದು ಧಾಬಾದ ಅಂಗಳಕ್ಕೆ ಸೇರಿಸಿದರು.

ರಾತ್ರಿ ಫ್ರಿಜ್ ನಿಂತಿತು. ಎಂಜಿನ್ ಓಡದಿದ್ದರೆ ಒಳಗಿನ ಬ್ಯಾಟರಿಗೆ ಚಾರ್ಜ್ ಇಲ್ಲ. ಇನ್ಸುಲಿನ್ ಕೆಟ್ಟರೆ ಗತಿಯೇನೆಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಬಳಸುತ್ತಿರುವ ಇನ್ಸುಲಿನ್ ಬಿಸಿಲು, ಸೆಕೆ ತಾಗದಿದ್ದರೆ ಕೆಲವು ದಿನ ಹೊರಗಿದ್ದರೂ ತೊಂದರೆಯಿಲ್ಲ, ಒಡೆಯದ ಬಾಟಲಿಯನ್ನು ತಂಪಾಗಿಡಿ, ಆದರೆ ಐಸಿಗೆ ನೇರವಾಗಿ ತಾಗಿಸಿ ಹೆಪ್ಪುಗಟ್ಟಿಸಬೇಡಿ ಎಂದರು. ಧಾಬಾದವರಿಂದ ಐಸ್ ಕೇಳಿ ತಂದು, ಬಾಟಲಿಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟದ್ದು ಅದೇ ಹುಡುಗ.

ಅವನು ಹೊರಗೆ ಹೋದ ಮೇಲೆ ಅವ್ವ ಮೆಲ್ಲಗೆ ಅಂದಳು: "ಅವ್ನು ನಿಂಗೆ ಹೇಳಿದ್ನಲ್ಲಪ್ಪಾ. ಬೆಲ್ಟು ಕಿರ್ ಅಂತ ಸದ್ದು ಮಾಡ್ತದೆ, ಬದಲಾಯಿಸ್ಬುಡವ ಸಾರ್ ಅಂತ. ನಾನು ಕೇಳಿಸ್ಕೊಂಡಿದ್ದೆ. ನೀನೇ ಬಂದ್ಮೇಲೆ ನೋಡವ ಅಂದೆ."

ಹೌದು, ಹೇಳಿದ್ದ. ಹೊರಡುವುದಕ್ಕೆ ಒಂದು ವಾರ ಮುಂಚೆ. ಬಾಡಿಗೆ ಗಾಡಿಗೆ ನಾವೇಕೆ ದುಡ್ಡು ಹಾಕಬೇಕು ಎಂದು ನಾನೇ ಬೇಡವೆಂದಿದ್ದೆ. ಬೈಯುವಾಗ ಅದು ನನಗೆ ನೆನಪೇ ಆಗಿರಲಿಲ್ಲ. ಅವನಿಗೆ ಮಾತ್ರ ನೆನಪಿತ್ತು, ಆದರೂ ಬಾಯಿ ಬಿಡಲಿಲ್ಲ.

*ಸುತ್ತ ಏನು ಹೇಳುತ್ತದೆ*

ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿ ಸಲ್ಲ ಸುತ್ತ ಬರುತ್ತದೆ. ಸಲ್ಲ ಎಂದರೆ ಬಾಣ. ಅದರ ಸಾರಾಂಶ ಇಷ್ಟು: ನೋವು ಧಮ್ಮವನ್ನು ಕಲಿಯದವನಿಗೂ ಬರುತ್ತದೆ, ಕಲಿತವನಿಗೂ ಬರುತ್ತದೆ. ಕಲಿಯದವನು ದೇಹಕ್ಕೆ ನೋವಾದಾಗ ಮನಸ್ಸಿನಲ್ಲೂ ಗೋಳಾಡುತ್ತಾನೆ. ಒಂದು ಬಾಣ ತಗುಲಿದವನಿಗೆ ಹಿಂದೆಯೇ ಇನ್ನೊಂದು ಬಾಣ ತಗುಲಿದಂತೆ ಅವನ ಪಾಡು. ಕಲಿತವನಿಗೆ ಮೊದಲ ಬಾಣದ ನೋವು ಮಾತ್ರ.

ನಾವು ಸಾಮಾನ್ಯವಾಗಿ ಇದನ್ನು 'ನನ್ನ ಎರಡನೆಯ ಬಾಣ ನನಗೇ ತಗುಲುತ್ತದೆ' ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಅದು ಸರಿ. ಆದರೆ ಆ ಸಂಜೆ ನಾನು ಕಂಡದ್ದು ಬೇರೆ. ಬೆಲ್ಟ್ ತುಂಡಾದದ್ದು ಮೊದಲ ಬಾಣ. ಅದು ಏಳು ಜನಕ್ಕೂ ಸಮನಾಗಿ ತಗುಲಿತ್ತು. ಎರಡನೆಯ ಬಾಣ ನನ್ನ ಮನಸ್ಸಿನಲ್ಲಿ ಹುಟ್ಟಿತು ನಿಜ, ಆದರೆ ಅಲ್ಲಿ ನಿಲ್ಲಲಿಲ್ಲ. ಪಕ್ಕದಲ್ಲಿದ್ದವನ ಎದೆಗೆ ಹೋಯಿತು. ಅದೂ ಯಾರಿಗೆ? ನನ್ನ ಅಣ್ಣನಿಗೆ ಹೋಗಲಿಲ್ಲ, ಬಳಗದ ಹಿರಿಯರಿಗೆ ಹೋಗಲಿಲ್ಲ, ನನ್ನಿಂದ ಸಂಬಳ ಪಡೆಯುವವನಿಗೆ, ತಿರುಗಿ ಮಾತಾಡಲಾಗದವನಿಗೆ ಹೋಯಿತು. ಎರಡನೆಯ ಬಾಣಕ್ಕೆ ಇಳಿಜಾರು ಗೊತ್ತು. ನೀರಿನ ಹಾಗೆ ಅದು ತಗ್ಗಿಗೇ ಹರಿಯುತ್ತದೆ.

ಸುತ್ತದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಲಿಯದವನು ನೋವಾದಾಗ ಇಂದ್ರಿಯ ಸುಖದ ಕಡೆಗೆ ಓಡುತ್ತಾನೆ, ಏಕೆಂದರೆ ನೋವಿನಿಂದ ಹೊರಬರುವ ಬೇರೆ ದಾರಿ ಅವನಿಗೆ ತಿಳಿಯದು. ಬೈದ ಕ್ಷಣದಲ್ಲಿ ನನಗೆ ಒಂದು ಬಗೆಯ ಹಗುರವಾದದ್ದು ನಿಜ. ಆ ಹಗುರಕ್ಕಾಗಿಯೇ ನಾವು ಬೈಯುತ್ತೇವೆ. ಭಾರ ಮಾಯವಾಗಿರುವುದಿಲ್ಲ, ಇನ್ನೊಬ್ಬರ ತಲೆಗೆ ದಾಟಿರುತ್ತದೆ ಅಷ್ಟೆ.

*ನಾಗಸೇನರ ರಥ*

'ಮಿಲಿಂದ ಪ್ರಶ್ನೆ'ಯಲ್ಲಿ ಭಿಕ್ಷು ನಾಗಸೇನರು ಮಿಲಿಂದ ರಾಜನನ್ನು, ನೀನು ಹೇಗೆ ಬಂದೆ ಎಂದು ಕೇಳುತ್ತಾರೆ. ರಥದಲ್ಲಿ ಬಂದೆ ಎನ್ನುತ್ತಾನೆ ರಾಜ. ಹಾಗಾದರೆ ಅಚ್ಚು ರಥವೋ? ಚಕ್ರ ರಥವೋ? ನೊಗ ರಥವೋ? ಒಂದೊಂದಕ್ಕೂ ರಾಜ ಅಲ್ಲ ಎನ್ನುತ್ತಾನೆ. ಇವೆಲ್ಲವನ್ನೂ ಅವಲಂಬಿಸಿ 'ರಥ' ಎಂಬ ಹೆಸರು ಬಂದಿದೆ ಎಂಬಲ್ಲಿಗೆ ಅವನೇ ಬಂದು ನಿಲ್ಲುತ್ತಾನೆ.

ಆ ರಾತ್ರಿ ನಿದ್ದೆ ಬಾರದೆ ಇದನ್ನೇ ಯೋಚಿಸಿದೆ. ತುಂಡಾದದ್ದು ಒಂದು ಬೆಲ್ಟ್. ನಾನು ಅದಕ್ಕೆ 'ಗಾಡಿ ಹಾಳಾಯಿತು' ಎಂದು ಹೆಸರಿಟ್ಟೆ. ಆಮೇಲೆ 'ಯಾತ್ರೆ ಹಾಳಾಯಿತು' ಎಂದೆ. ಆಮೇಲೆ 'ಅವ್ವನ ಆಸೆ ಮಣ್ಣಾಯಿತು' ಎಂದೆ. ಹೆಸರು ದೊಡ್ಡದಾದಷ್ಟೂ ಕೋಪ ದೊಡ್ಡದಾಯಿತು.

'ತಪ್ಪು' ಎಂಬುದೂ ಆ ರಥದ ಹಾಗೆಯೇ. ಅದು ಒಬ್ಬನಲ್ಲಿ ಇರುವ ವಸ್ತುವಲ್ಲ. ರಬ್ಬರ್ ಹಳೆಯದಾಗಿತ್ತು. ಹಾಸಿಗೆ, ಟ್ಯಾಂಕ್, ಸಾಮಾನು ಸೇರಿ ಗಾಡಿಯ ಭಾರ ಹೆಚ್ಚಿತ್ತು. ಅಕ್ಟೋಬರಿನ ಬಿಸಿಲಿತ್ತು. ದಸರೆಗೆ ಮುಂಚೆ ಮುಟ್ಟಬೇಕೆಂಬ ನನ್ನ ಅವಸರವಿತ್ತು. ಸದ್ದಾಗುತ್ತಿದೆ ಎಂದಾಗ ಕೇಳಿಸಿಕೊಳ್ಳದ ನನ್ನ ಜಿಪುಣತನವಿತ್ತು. ಇವೆಲ್ಲ ಸೇರಿ ಬೆಲ್ಟ್ ತುಂಡಾಯಿತು. ಹಾಗೆಂದು ನನ್ನ ಪಾಲು ಈ ಕಾರಣಗಳ ಗುಂಪಿನಲ್ಲಿ ಕರಗಿಹೋಗುವುದಿಲ್ಲ. 'ಯಾರು ಮಾಡಿದ್ದು?' ಎಂದು ಕೇಳಿದಾಗ ನನಗೆ ಹುಡುಗನೊಬ್ಬನೇ ಕಂಡಿದ್ದ. 'ಯಾವ ಯಾವ ಕಾರಣದಿಂದ ಆಯಿತು?' ಎಂದು ಕೇಳಿದಾಗಲೇ ನಾನೂ ಕಂಡದ್ದು.

*ಮರುದಿನ*

ಬೆಳಿಗ್ಗೆ ಎದ್ದವನೇ ಹುಡುಗನ ಬಳಿ ಹೋದೆ. ಎಲ್ಲರೆದುರಿಗೆ ಬೈದಿದ್ದೆನಲ್ಲ, ಎಲ್ಲರೆದುರಿಗೇ ಹೇಳಿದೆ: "ನೀವು ಹೇಳಿದ್ರಿ, ನಾನೇ ಕೇಳ್ಲಿಲ್ಲ. ತಪ್ಪು ನನ್ದು. ನಿಮ್ಮನ್ನ ಬೈದಿದ್ದು ಇನ್ನೂ ದೊಡ್ಡ ತಪ್ಪು." ಅವನು "ಇರ್ಲಿ ಬಿಡಿ ಸಾರ್" ಎಂದಷ್ಟೇ ಹೇಳಿದ. ಮುಖ ಸಡಿಲವಾಗಲಿಲ್ಲ. ಕ್ಷಮೆ ಕೇಳಿದ ಕೂಡಲೇ ಗಾಯ ಮಾಯಬೇಕೆಂದು ಬಯಸುವುದೂ ನಮ್ಮದೇ ಇನ್ನೊಂದು ಆಸೆ.

ದಸರಾ ದಿನ, ಅಂಗಡಿಗಳಿಗೆ ರಜೆ. ಮೆಕ್ಯಾನಿಕ್ ತನ್ನ ಪೂಜೆ ಮುಗಿಸಿ ಮಧ್ಯಾಹ್ನ ಬಂದರು. ತಂದ ಬೆಲ್ಟಿನ ಅಳತೆ ಸರಿಹೋಗದೆ ಇನ್ನೊಂದು ತರಿಸಬೇಕಾಯಿತು. ನಾವು ನಾಗಪುರ ಮುಟ್ಟಿದಾಗ ರಾತ್ರಿ ಹತ್ತು ದಾಟಿತ್ತು. ಅವ್ವ ಅಷ್ಟು ವರ್ಷ ಕಾದಿದ್ದ ದಿನ ತಪ್ಪಿಹೋಗಿತ್ತು. ಅವಳಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣು ಒರೆಸಿಕೊಂಡಳು. ಮೊದಲ ಬಾಣ ಅವಳಿಗೂ ತಗುಲಿತ್ತು. ಆದರೆ ಅವಳು ಯಾರನ್ನೂ ಏನೂ ಅನ್ನಲಿಲ್ಲ. ಬಾಬಾಸಾಹೇಬರು ನಾಗಪುರದ ಎರಡು ದಿನದ ನಂತರ, ಅಕ್ಟೋಬರ್ 16ರಂದು, ಚಂದ್ರಪುರದಲ್ಲೂ ಜನರಿಗೆ ದೀಕ್ಷೆ ಕೊಟ್ಟಿದ್ದರೆಂದು ನಾನು ಹೇಳಿದೆ. "ಹಂಗಾದ್ರೆ ನಾವೂ ತಡವಾಗಿಲ್ಲ ಬುಡು" ಎಂದಳು.

ಮಾರನೆಯ ಬೆಳಿಗ್ಗೆ ಸ್ತೂಪಕ್ಕೆ ವಂದಿಸಿ, ಹೊರಗೆ ಒಂದು ಕಡೆ ಕುಳಿತು 22 ಪ್ರತಿಜ್ಞೆಗಳನ್ನು ಹೇಳಿಕೊಂಡೆವು. ಅವುಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂಬ ಪ್ರತಿಜ್ಞೆ ಬಂದಾಗ ನನ್ನ ದನಿ ನಿಂತಿತು. ಆ ಮಾತು ಹೇಳಲೆಂದೇ 1,000 ಕಿ.ಮೀ. ಬಂದಿದ್ದೆ, ದಾರಿಯಲ್ಲೇ ಅದನ್ನು ಮುರಿದಿದ್ದೆ. ಹುಡುಗ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವ್ವ "ಬಾ ಮಗಾ, ಇಲ್ಲಿ ಕೂತ್ಕೊ" ಎಂದು ಜಾಗ ಮಾಡಿಕೊಟ್ಟಳು. ಬಂದು ಅವಳ ಪಕ್ಕ ಕುಳಿತ.

*ದೂರದಲ್ಲಿ ಗಾಡಿ ನಿಂತರೆ*

ಸಮ್ಯಕ್ ಸ್ಮೃತಿ ಎಂದರೆ ಕಣ್ಣು ಮುಚ್ಚಿ ಕುಳಿತಾಗಿನ ಮಾತು ಮಾತ್ರವಲ್ಲ. ಈ ಕ್ರಮವನ್ನು ಬರೆದಿಟ್ಟುಕೊಳ್ಳಿ.

1. ಗಾಡಿಯನ್ನು ಸಾಧ್ಯವಾದಷ್ಟು ಎಡಕ್ಕೆ ತನ್ನಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.
2. ಎಲ್ಲರನ್ನೂ ಎಡ ಬದಿಯಿಂದ ಇಳಿಸಿ, ರಸ್ತೆಯಿಂದ ದೂರ ಕೂರಿಸಿ. ನಿಂತ ಗಾಡಿಯೊಳಗೆ ಅಥವಾ ಅದರ ಹಿಂದೆ ಇರುವುದು ಅಪಾಯ.
3. ಎಚ್ಚರಿಕೆಯ ತ್ರಿಕೋನವನ್ನು ಹಿಂದಿನಿಂದ ಬರುವವರಿಗೆ ಬೇಗ ಕಾಣುವಷ್ಟು ದೂರದಲ್ಲಿಡಿ.
4. ಕ್ಯಾರವಾನ್ ಆದರೆ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ.
5. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.
6. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ತುರ್ತು ಅಪಾಯವಿದ್ದರೆ 112. ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ನೋಡಿ ಹೇಳಿ.
7. ಹಿರಿಯರು, ಮಕ್ಕಳು, ಔಷಧಿ, ಕುಡಿಯುವ ನೀರು ಇವುಗಳ ವ್ಯವಸ್ಥೆ ಮೊದಲು. ಕಾರಣ ಹುಡುಕುವುದು ಆಮೇಲೆ. ಯಾರದು ತಪ್ಪು ಎಂಬ ಮಾತು ಆ ದಿನ ಬೇಡವೇ ಬೇಡ.
8. ಹೊರಡುವ ಮುಂಚೆ: ಗಾಡಿ ಓಡಿಸುವವರು ಏನಾದರೂ ಹೇಳಿದರೆ ಕಿವಿಗೊಡಿ. ಸ್ಟೆಪ್ನಿ ಇಟ್ಟುಕೊಳ್ಳುವ ಹಾಗೆ, ಆ ಗಾಡಿಯ ಅಳತೆಯದೇ ಒಂದು ಬೆಲ್ಟನ್ನೂ ಇಟ್ಟುಕೊಳ್ಳಿ.

*ಇಂದಿನ ಅಭ್ಯಾಸ*

ಇಂದು ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಏನಾದರೂ ಕೆಡಬಹುದು. ಗ್ಯಾಸ್ ಮುಗಿಯಬಹುದು, ಬಸ್ಸು ತಪ್ಪಬಹುದು, ಹಾಲು ಉಕ್ಕಬಹುದು. ಆಗ ಬಾಯಿ ತೆರೆಯುವ ಮುಂಚೆ ಮೂರು ಉಸಿರು ಗಮನಿಸಿ. ಕೆಟ್ಟದ್ದಕ್ಕೆ ಅದರ ಅಳತೆಯದೇ ಹೆಸರಿಡಿ: "ಹಾಲು ಉಕ್ಕಿದೆ", ಅಷ್ಟೆ. ನಂತರ ಒಂದು ಪ್ರಶ್ನೆ ಕೇಳಿಕೊಳ್ಳಿ: "ನಾನೀಗ ಆಡಲಿರುವ ಮಾತು ಯಾರ ಮೇಲೆ ಬೀಳುತ್ತದೆ? ಅವರು ನನಗೆ ತಿರುಗಿ ಮಾತಾಡಬಲ್ಲವರೇ?"

ಹಿಂದೆ ಎಂದಾದರೂ ಅಂಥ ಬಾಣ ಬಿಟ್ಟಿದ್ದರೆ, ಇವತ್ತೇ ಆ ವ್ಯಕ್ತಿಗೆ ಒಂದು ಫೋನ್ ಮಾಡಿ.

ಎಲ್ಲರಿಗೂ ಮಂಗಳವಾಗಲಿ. ದಾರಿಯಲ್ಲಿರುವವರೆಲ್ಲ ಕ್ಷೇಮವಾಗಿ ಮನೆ ಸೇರಲಿ.

ಸಾಧು, ಸಾಧು, ಸಾಧು. ಜೈ ಭೀಮ್.

(ನಾಳೆ: ಸಮ್ಯಕ್ ವಾಚಾ. ಇಷ್ಟವಾದರೆ ನಿಮ್ಮ ಬಂಧುಮಿತ್ರರಿಗೂ ಕಳಿಸಿ.)