ಶೆಡ್ಡಿನ ನಾಯಿಗೂ ಒಂದು ಪಂಚಾಂಗ

ನಾಯಿಗೆ ಒಣದ್ರಾಕ್ಷಿ ವಿಷ. ವಿಜಯಪುರ ಜಿಲ್ಲೆಯ ತಿಕೋಟಾದ ಯಾವುದಾದರೂ ಒಣದ್ರಾಕ್ಷಿ ಶೆಡ್ಡಿನ ಮುಂದೆ ನಿಂತು ಈ ಮಾತು ಹೇಳಿ ನೋಡಿ, ಮೊದಲು ನಗುತ್ತಾರೆ. 'ಇಲ್ಲೇ ಹುಟ್ಟಿ ಇಲ್ಲೇ ಬೆಳದೈತ್ರೀ, ದಿನಾ ತಿಂತೈತಿ, ಏನೂ ಆಗಿಲ್ಲ' ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕೆಲವು ನಾಯಿಗಳಿಗೆ ನಿಜಕ್ಕೂ ಏನೂ ಆಗುವುದಿಲ್ಲ. ಆದರೆ ಅದೇ ಶೆಡ್ಡಿನ ಇನ್ನೊಂದು ನಾಯಿ ಒಂದು ಹಿಡಿ ತಿಂದು ಮೂರನೇ ದಿನ ಉಚ್ಚೆ ಕಟ್ಟಿ ಮಲಗಬಹುದು. ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಮುಂಚೆಯೇ ಹೇಳಲು ಯಾವ ಡಾಕ್ಟರಿಗೂ ಬರುವುದಿಲ್ಲ.

ಸಾಕುಪ್ರಾಣಿಗಳ ಬಗ್ಗೆ ಬರುವ ಸಲಹೆಗಳು ಹೆಚ್ಚಾಗಿ ತಂಪು ದೇಶದ ಫ್ಲ್ಯಾಟುಗಳಿಗೆ ಬರೆದಂತಿರುತ್ತವೆ. ಚಳಿಗಾಲಕ್ಕೆ ಸ್ವೆಟರ್ ಹಾಕಿ ಎನ್ನುತ್ತವೆ. ವಿಜಯಪುರದ ಸಿದ್ಧೇಶ್ವರ ಗುಡಿ ಸುತ್ತಲಿನ ಓಣಿಗಳಲ್ಲಿ, ಬಬಲೇಶ್ವರದ ಹೊಲಮನೆಗಳಲ್ಲಿ ನಾಯಿ-ಬೆಕ್ಕು ಸಾಕಿದವರ ಪಂಚಾಂಗ ಬೇರೆ. ಸಂಕ್ರಮಣದ ಜಾತ್ರೆಗೆ ಪಟಾಕಿ ಮದ್ದು, ಅದರ ಹಿಂದೆಯೇ ದ್ರಾಕ್ಷಿ ಸುಗ್ಗಿ, ಆಮೇಲೆ ನಲವತ್ತು ಡಿಗ್ರಿ ದಾಟುವ ಬಿಸಿಲು, ಮಳೆ ಬಿದ್ದರೆ ಉಣ್ಣಿ. ಅಪಾಯ ಯಾವ ತಿಂಗಳಲ್ಲಿ ಬರುತ್ತದೆಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ದ್ರಾಕ್ಷಿ ಸುಗ್ಗಿ

ಪಡದಿಂದ ಗೊನೆ ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ಹರಡುತ್ತಾರೆ. ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ. ಹಣ್ಣಿನ ಸಿಹಿ ಹೇಗೆ ಗಟ್ಟಿಯಾಗುತ್ತದೋ, ನಾಯಿಗೆ ಆಗದ ಅಂಶವೂ ಹಾಗೆಯೇ ಗಟ್ಟಿಯಾಗುತ್ತದೆ. ಹಸಿ ಹಣ್ಣಿಗಿಂತ ಒಣಗಿದ್ದು ಹೆಚ್ಚು ಅಪಾಯ ಎನ್ನುವುದು ಇದಕ್ಕೇ. ನಾಯಿಯ ತೂಕದ ಪ್ರತಿ ಕಿಲೋಗೆ ಸುಮಾರು 3 ಗ್ರಾಂ ಒಣದ್ರಾಕ್ಷಿ ಹೊಟ್ಟೆಗೆ ಹೋದಾಗಲೂ ಮೂತ್ರಪಿಂಡ ಕೆಟ್ಟ ಉದಾಹರಣೆಗಳಿವೆ. ಹತ್ತು ಕಿಲೋ ತೂಗುವ ನಾಯಿಗೆ ಅದು ಮೂವತ್ತು ಗ್ರಾಂ, ಅಂದರೆ ಜಾಳಿಗೆ ಕೆಳಗೆ ಉದುರಿ ಬಿದ್ದದ್ದರಲ್ಲಿ ಒಂದು ಹಿಡಿ.

ಕಾರಣ ಏನೆಂದು ಬಹಳ ವರ್ಷ ಗೊತ್ತಿರಲಿಲ್ಲ. ಸಿಂಪಡಿಸಿದ ಔಷಧವೇ ಇರಬೇಕು, ಬೂಸ್ಟು ಇರಬೇಕು ಎಂದೆಲ್ಲ ಅಂದುಕೊಂಡಿದ್ದರು. 2021ರಲ್ಲಿ ಅಮೆರಿಕದ ಪ್ರಾಣಿ ವಿಷ ಚಿಕಿತ್ಸಾ ತಜ್ಞರು ಬೇರೆ ಜಾಡು ಹಿಡಿದರು: ದ್ರಾಕ್ಷಿಯಲ್ಲಿ ಸಹಜವಾಗಿಯೇ ಇರುವ ಟಾರ್ಟಾರಿಕ್ ಆಮ್ಲ. ತಳಿ, ಮಾಗಿದ ಹದ, ಹವೆ ನೋಡಿ ಈ ಆಮ್ಲ ಹೆಚ್ಚು ಕಡಿಮೆ ಆಗುತ್ತದೆ. ಒಂದು ನಾಯಿಗೆ ಏನೂ ಆಗದೆ ಇನ್ನೊಂದು ಸಾಯುವುದಕ್ಕೆ ಇದು ಒಂದು ಉತ್ತರ. ನಮ್ಮ ಅಡುಗೆಮನೆಗೆ ಇದರಲ್ಲೊಂದು ಪಾಠವೂ ಇದೆ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ತುಂಬಿಕೊಂಡಿದೆ. ಹುಣಸೆ ತಿಂದ ನಾಯಿಗಳಲ್ಲೂ ಇದೇ ಬಗೆಯ ತೊಂದರೆ ಕಂಡಿದೆ. ಉಳಿದ ಸಾರು ಕಲಸಿ ನಾಯಿಗೆ ಹಾಕುವ ರೂಢಿ ಇದ್ದರೆ ಬಿಡುವುದು ಒಳ್ಳೆಯದು.

ಶೆಡ್ಡಿನವರು ಏನು ಮಾಡಬೇಕು? ಜಾಳಿಗೆ ತುಂಬುವ ಮೊದಲೇ ನಾಯಿಯ ಜಾಗ ಬದಲಿಸಿ. ಕಾವಲಿಗೆ ಅದು ಬೇಕೇ ಬೇಕು ಎಂದಾದರೆ ಶೆಡ್ಡಿನ ಹೊರಗೆ, ಗಾಳಿ ಬರುವ ಕಡೆ ನೆರಳು ಮಾಡಿ ಇರಿಸಿ. ಕೆಳ ಜಾಳಿಗೆಗೆ ನಾಯಿಯ ಮೂಗು ಮುಟ್ಟದಂತೆ ಸುತ್ತಲೂ ಎರಡು ಅಡಿ ನೆಟ್ ಕಟ್ಟಿ. ಉದುರಿದ್ದನ್ನು ಸಂಜೆ ಒಮ್ಮೆ ಗುಡಿಸಿ. ಮರುದಿನಕ್ಕೆ ಬಿಟ್ಟರೆ ರಾತ್ರಿ ಅದರ ಪಾಲು. ಅದ್ದುವ ದ್ರಾವಣದ ಪೀಪಾಯಿ, ಮೈಲುತುತ್ತ ಕರಗಿಸಿದ ಬಕೆಟ್, ಔಷಧ ಹೊಡೆದು ತೊಳೆದ ಡಬ್ಬಿ ಯಾವುದನ್ನೂ ತೆರೆದಿಡಬೇಡಿ. ಬೇಸಿಗೆಯಲ್ಲಿ ಬಾಯಾರಿದ ನಾಯಿ ನೀರೆಂದರೆ ನೀರು, ಬಣ್ಣ ನೋಡುವುದಿಲ್ಲ.

ತಿಂದದ್ದು ಕಣ್ಣಿಗೆ ಬಿದ್ದರೆ ಹೀಗೆ ಮಾಡಿ:

1. ಎಷ್ಟು ಹೊತ್ತಾಯಿತು, ಎಷ್ಟು ತಿಂದಿರಬಹುದು ಎಂದು ಅಂದಾಜು ಮಾಡಿಕೊಳ್ಳಿ. ಎರಡು ತಾಸಿನ ಒಳಗಾದರೆ ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ ಬಹುಪಾಲು ಹೊರಹಾಕಬಹುದು.
2. ಉಪ್ಪುನೀರು ಕುಡಿಸಬೇಡಿ. ಹಳ್ಳಿಯಲ್ಲಿ ಎಲ್ಲರೂ ಮೊದಲು ಮಾಡುವುದು ಇದನ್ನೇ. ಉಪ್ಪು ರಕ್ತಕ್ಕೆ ಏರಿ ಅದೇ ಎರಡನೇ ವಿಷವಾಗುತ್ತದೆ.
3. ನಾಯಿ ಚೆನ್ನಾಗಿದೆ ಎಂದು ಕಾಯಬೇಡಿ. ವಾಂತಿ ಸಾಮಾನ್ಯವಾಗಿ 24 ತಾಸಿನೊಳಗೆ ಶುರುವಾಗುತ್ತದೆ. ಮೂತ್ರಪಿಂಡ ಸೋಲುವುದು ಒಂದರಿಂದ ಮೂರು ದಿನದಲ್ಲಿ. ಉಚ್ಚೆ ಕಡಿಮೆಯಾದ ಮೇಲೆ ಕರೆತಂದರೆ ಉಳಿಸುವುದು ಕಷ್ಟ. ಮೊದಲ ದಿನವೇ ಬಂದರೆ ಎರಡು ದಿನ ಸಲೈನ್ ಹಚ್ಚಿ, ರಕ್ತ ಪರೀಕ್ಷೆ ಮಾಡುತ್ತ ಕಾಯುತ್ತಾರೆ.

ದ್ರಾಕ್ಷಿ ಬೆಳೆಯದ ಮನೆಯವರೂ ಇದನ್ನು ಓದಿಕೊಳ್ಳಿ. ಶಿರಾದಲ್ಲಿ, ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ. ಇನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿ: ಇವು ನಾಯಿ-ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಬೆಕ್ಕಿಗಂತೂ ಹೆಚ್ಚು. ಜೋಳದ ರೊಟ್ಟಿ, ಮಜ್ಜಿಗೆ ಹಾಕಿದರೆ ತಪ್ಪಿಲ್ಲ. ಆದರೆ ಅಷ್ಟರಿಂದಲೇ ಹೊಟ್ಟೆ ತುಂಬಿಸಿದರೆ ಮಾಂಸಖಂಡ ಬೆಳೆಯುವುದಿಲ್ಲ. ಜೊತೆಗೆ ಬೇಯಿಸಿದ ತತ್ತಿ ಅಥವಾ ಎಲುಬು ತೆಗೆದ ಮಾಂಸ ಇರಲಿ. ಜುನಕ, ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿ ನಿಮ್ಮ ತಾಟಿನಲ್ಲೇ ಇರಲಿ.

ಬಿಸಿಲು

ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಒಂದಿಷ್ಟು ಬೆವರು ಬಿಟ್ಟರೆ ಅದು ತಂಪಾಗುವುದು ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ. ಮೂಗು ಗಿಡ್ಡ ಇರುವ ಪಗ್‌ಗೆ ಆ ದಾರಿಯೂ ಇಕ್ಕಟ್ಟು. ಏಪ್ರಿಲ್-ಮೇ ತಿಂಗಳ ವಿಜಯಪುರಕ್ಕೆ ಹಸ್ಕಿ ತರುವವರನ್ನು ಕಂಡರೆ ನನಗೆ ನಾಯಿಗಿಂತ ಅವರ ಮೇಲೇ ಮರುಕ ಬರುತ್ತದೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಇದೇ ಬಿಸಿಲಿಗೆ ಹೇಳಿ ಮಾಡಿಸಿದಂತಹ ನಾಯಿ ಇದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೇ ತಂದಿತು. ತೆಳ್ಳನೆ ಮೈ, ಗಿಡ್ಡ ಕೂದಲು. ಒಂದು ಮಾತು ಮಾತ್ರ ನೆನಪಿರಲಿ: ಮುಧೋಳ ನಾಯಿಯ ಕಡೆಯ ಎರಡು-ಮೂರು ಪಕ್ಕೆಲುಬು ಕಾಣುವುದು ಅದರ ಮೈಕಟ್ಟು. ನೆರೆಯವರ ಮಾತು ಕೇಳಿ ತುಪ್ಪ ಹಾಕಿ ದಪ್ಪ ಮಾಡಬೇಡಿ.

ಯಾವ ತಳಿಯೇ ಇರಲಿ, ಪತ್ರಾಸಿನ ಶೆಡ್ಡಿನ ಕೆಳಗೆ ಮಧ್ಯಾಹ್ನ ಕಟ್ಟಬೇಡಿ. ಅದು ನೆರಳಲ್ಲ, ಒಲೆ. ಹಳೆಯ ಮೇಲ್ಮುದ್ದೆ ಮನೆ ಇದ್ದವರು ಅದೃಷ್ಟವಂತರು, ಪಡಸಾಲೆಯ ಕಲ್ಲುಹಾಸೇ ಸಾಕು. ಇಲ್ಲದವರು ಬೇವಿನ ಗಿಡದ ಬುಡ ಹುಡುಕಿ. ನೀರನ್ನು ಸ್ಟೀಲ್ ಬೋಗುಣಿಯಲ್ಲಿಟ್ಟರೆ ಹತ್ತು ಗಂಟೆಗೇ ಕಾಯುತ್ತದೆ. ಮಣ್ಣಿನ ಅಗಲ ಪಾತ್ರೆ, ಇಲ್ಲವೇ ಮನೆಯಲ್ಲಿರುವ ಕಲ್ಲಿನ ದೋಣಿ ಒಳ್ಳೆಯದು. ದಿನಕ್ಕೆ ಎರಡು ಸಲ ನೀರು ಬದಲಿಸಿ. ಅಡ್ಡಾಡಿಸಲು ಬೆಳಗ್ಗೆ ಏಳರೊಳಗೆ ಹೋಗಿ. ಸಂಜೆ ಹೊರಡುವ ಮೊದಲು ಅಂಗೈ ಹಿಂಭಾಗವನ್ನು ಡಾಂಬರಿನ ಮೇಲಿಟ್ಟು ಏಳು ಎಣಿಸಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ಬಿಸಿಲಿಗೆಂದು ಪೊಮೇರಿಯನ್ ಕೂದಲನ್ನು ಚರ್ಮ ಕಾಣುವಂತೆ ಬೋಳಿಸಬೇಡಿ. ಆ ಕೂದಲೇ ಬಿಸಿಲು ತಡೆಯುವ ಕಂಬಳಿ.

ಆರೋಗ್ಯವಂತ ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಿಮ್ಮ ಕೈಗೆ ಅದು ಯಾವಾಗಲೂ ಜ್ವರದಂತೆಯೇ ತಾಗುತ್ತದೆ, ಹೆದರಬೇಡಿ. ಆದರೆ ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ಒಸಡು ಇಟ್ಟಿಗೆ ಕೆಂಪಾಗಿ, ಕಾಲು ತಡವರಿಸಿದರೆ ಅದು ಬಿಸಿಲಾಘಾತ. ಮೊದಲು ತಂಪು ಮಾಡಿ, ಆಮೇಲೆ ಗಾಡಿ ಹತ್ತಿಸಿ. ಹೊಟ್ಟೆ, ತೊಡೆಸಂದು, ಪಾದಗಳಿಗೆ ಎಡೆಬಿಡದೆ ನೀರು ಹೊಯ್ದು ಫ್ಯಾನ್ ಹಚ್ಚಿ. ಬರ್ಫ ಹುಡುಕುತ್ತ ಹೊತ್ತು ಕಳೆಯಬೇಡಿ. ಒಂದು ಎಚ್ಚರ: ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಆ ಹೊತ್ತಿಗೆ ಸ್ನಾನದ ನೀರಿನಷ್ಟು ಕಾದಿರುತ್ತದೆ. ನೆಲದೊಳಗಿನ ಟಾಕಿಯಿಂದ ಎತ್ತಿ. ಒದ್ದೆ ಟವೆಲ್ ಹೊದಿಸಿ ಹಾಗೆಯೇ ಬಿಟ್ಟರೆ ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ನೀರು ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಉಣ್ಣಿ ಗೋಡೆಯಲ್ಲಿದೆ

ಉಣ್ಣಿಯನ್ನು ನಾಯಿಯ ಮೈಮೇಲೆ ಮಾತ್ರ ಹುಡುಕುವವರು ಅರ್ಧ ಯುದ್ಧ ಸೋತಂತೆ. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ಉಣ್ಣಿ ಮೈಯಿಂದ ಬಿದ್ದು ಗೋಡೆ ಏರುತ್ತದೆ, ಕಲ್ಲಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ವಿಜಯಪುರದ ಕಲ್ಲುಗೋಡೆಗಳು ಅದಕ್ಕೆ ತವರುಮನೆ. ಡಾಕ್ಟರು ತೂಕ ನೋಡಿ ಕೊಟ್ಟ ಗುಳಿಗೆ ಅಥವಾ ಬೆನ್ನಿಗೆ ಹಾಕುವ ಹನಿ ಒಂದು ಕಡೆ; ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿ, ನಾಯಿ ಮಲಗುವ ಗೋಣಿಚೀಲವನ್ನು ಕುದಿನೀರಿಗೆ ಹಾಕುವುದು ಇನ್ನೊಂದು ಕಡೆ. ಕಂಡ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರ ಎಳೆಯಿರಿ, ಸಾಬೂನು ನೀರಿಗೆ ಹಾಕಿ. ಉಗುರಿನಿಂದ ಚಿಟ್ ಎನಿಸಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ದ್ರಾಕ್ಷಿಗೆ ತಂದ ಔಷಧ, ಕುರಿ ಮೈ ತೊಳೆಯುವ ಔಷಧ ಅಳತೆಯಿಲ್ಲದೆ ನಾಯಿಗೆ ಬಳಿದು ನಂಜೇರಿಸುವವರಿದ್ದಾರೆ. ನಾಯಿಯ ಉಣ್ಣಿ ಔಷಧವನ್ನು ಬೆಕ್ಕಿಗೆ ಎಂದೂ ಹಾಕಬಾರದು. ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ಸಾಯುತ್ತದೆ.

ನಾಯಿ ಊಟ ಬಿಟ್ಟು, ಒಸಡು ಬಿಳಿಚಿ, ಮೂಗಿನಿಂದ ರಕ್ತ ಬಂದರೆ ಅದು ಉಣ್ಣಿ ಜ್ವರ ಇರಬಹುದು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಬೇಗ ಹಿಡಿದರೆ ವಾಸಿಯಾಗುತ್ತದೆ.

ಮದ್ದಿನ ರಾತ್ರಿ

ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ ನೋಡಲು ಇಡೀ ಊರು ಬೀದಿಗೆ ಬರುತ್ತದೆ. ಮದ್ದು ಸುಡುವ ರಾತ್ರಿ ಮನುಷ್ಯರು ಆಕಾಶ ನೋಡುತ್ತಾರೆ. ನಾಯಿಗೆ ಅದು ಬಾಂಬು ಬಿದ್ದ ಹಾಗೆ. ನಮಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಜ್, ಅದಕ್ಕೆ ಸುಮಾರು 45,000. ಆ ರಾತ್ರಿ ಬೆದರಿ ಓಡಿದ ನಾಯಿಯನ್ನು ಜಾತ್ರೆಯ ಜನಸಂದಣಿಯಲ್ಲಿ ಹುಡುಕುವುದು ಆಗದ ಮಾತು. ಅದಕ್ಕೇ ಮೊದಲ ಕೆಲಸ ಕೊರಳಪಟ್ಟಿಯ ಮೇಲೆ ಫೋನ್ ನಂಬರ್. ಅವತ್ತು ಹೊತ್ತು ಮುಳುಗುವ ಮೊದಲೇ ಅಡ್ಡಾಡಿಸಿ, ಊಟ ಹಾಕಿ, ಕಿಟಕಿ ಕಡಿಮೆ ಇರುವ ಒಳಕೋಣೆಗೆ ಬಿಡಿ. ದೇವರಮನೆ ಪಕ್ಕದ ಸಾಮಾನು ಕೋಣೆ ಆದರೂ ಸರಿ. ರೇಡಿಯೊ ಅಥವಾ ಟಿವಿ ಹಚ್ಚಿರಿ. ಮಂಚದ ಕೆಳಗೆ ಹೊಕ್ಕರೆ ಎಳೆಯಬೇಡಿ, ಅದು ಆರಿಸಿಕೊಂಡ ಜಾಗವೇ ಸುರಕ್ಷಿತ. ಸರಪಳಿ ಬೇಡ, ಜಿಗಿದಾಡಿ ಕೊರಳು ಬಿಗಿದುಕೊಳ್ಳುತ್ತದೆ. ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎನ್ನುವುದು ಹಳೆಯ ನಂಬಿಕೆ, ಪಕ್ಕದಲ್ಲಿ ಕೂರಲು ಅಡ್ಡಿಯಿಲ್ಲ. ಕಳೆದ ವರ್ಷ ವಿಪರೀತ ನಡುಗಿದ್ದರೆ ಈ ಸಲ ಒಂದು ತಿಂಗಳು ಮುಂಚೆ ಡಾಕ್ಟರ ಹತ್ತಿರ ಹೋಗಿ, ಗುಳಿಗೆ ಇದೆ. ದೀಪಾವಳಿಗೂ ಇದೇ ಮಾತು.

ಇನ್ನು ಬೆಕ್ಕಿನ ವಿಷಯ ಚುಟುಕಾಗಿ ಹೇಳುತ್ತೇನೆ, ಅದು ಹೇಗೂ ನಮ್ಮ ಮಾತು ಕೇಳುವುದಿಲ್ಲ. ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಕೊಡಬೇಡಿ. 500 ಮಿಲಿಗ್ರಾಂ ಗುಳಿಗೆಯ ಅರ್ಧವೂ ಬೆಕ್ಕನ್ನು ಕೊಲ್ಲಬಲ್ಲದು. ಗೋದಾಮಿಗೆ ಇಲಿ ಪಾಷಾಣ ಇಟ್ಟವರು ಸತ್ತ ಇಲಿಗಳನ್ನು ಎಣಿಸಿ ಹೂಳಿ. ದೊಡ್ಡ ಬೆಕ್ಕಿಗೆ ಹಾಲಿಗಿಂತ ನೀರೇ ಬೇಕು, ಹಾಲು ಕೆಲವಕ್ಕೆ ಭೇದಿ ತರುತ್ತದೆ. ಪಂಜರದ ಗಿಳಿಯ ಬಗ್ಗೆ ಸಲಹೆ ಕೇಳುವವರಿಗೆ ಒಂದೇ ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಊರಿನ ಹಸಿರು ಗಿಳಿ ಸಾಕುವುದೇ ಅಪರಾಧ.

ಲಸಿಕೆ ಮತ್ತು ಕಾಟಾ

ಮರಿ ಆರರಿಂದ ಎಂಟು ವಾರದ್ದಾದಾಗ ಮೊದಲ ಲಸಿಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ. ರಕ್ತಭೇದಿ ತರುವ ಪಾರ್ವೋ ಮರಿಗಳನ್ನೇ ಹೆಚ್ಚು ಕೊಲ್ಲುತ್ತದೆ, ಈ ಸರಣಿ ಅರ್ಧಕ್ಕೆ ಬಿಡಬಾರದು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಮುಂದೆ ಡಾಕ್ಟರು ಬರೆದುಕೊಟ್ಟ ತಾರೀಖಿಗೆ ಮತ್ತೆ. ಮನೆಯ ನಾಯಿಯೇ ಆಗಲಿ, ಯಾರಿಗಾದರೂ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರು, ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿ ತೊಳೆಯಿರಿ, ಹದಿನೈದು ನಿಮಿಷ ಬಹಳ ಉದ್ದ. ಖಾರದಪುಡಿ, ಸುಣ್ಣ, ಅರಿಶಿಣ ಏನೂ ಹಚ್ಚದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಾಣಿಗೆ ತುರ್ತು ಬಂದಾಗ ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ನಂಬರಿಗೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಫೋನಿನಲ್ಲಿ ಕೇಳುವ ಪ್ರಶ್ನೆ 'ನಾಯಿಯ ತೂಕ ಎಷ್ಟು?' ಎಂದು ಇರಬಹುದು. ಗುಳಿಗೆ, ಸಲೈನ್, ಉಣ್ಣಿ ಹನಿ ಎಲ್ಲದರ ಅಳತೆಯೂ ಆ ಒಂದು ಅಂಕಿಯ ಮೇಲಿದೆ. ಶೆಡ್ಡಿನಲ್ಲಿ ಬಾಕ್ಸ್ ತೂಗುವ ಕಾಟಾ ಇದ್ದೇ ಇದೆ. ನಾಯಿಯನ್ನು ಎತ್ತಿಕೊಂಡು ಅದರ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ, ಉಳಿದದ್ದನ್ನು ತಾರೀಖಿನ ಸಮೇತ ಬಾಗಿಲ ಹಿಂದೆ ಬರೆದಿಡಿ.