ದೇವರಿಗೂ ಬಾಯಾರಿಕೆಯೇ?



ಬಾಯಾರಿಕೆ ಎಂದರೇನೆಂದು ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ಕಂಟೋನ್ಮೆಂಟ್ ರೈಲು ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು, ನಾಲಿಗೆ ಅಂಗಳಕ್ಕೆ ಅಂಟಿಕೊಳ್ಳುತ್ತದೆ. 1876-78ರ ಮಹಾಕ್ಷಾಮದಲ್ಲಿ ಬಹಳವಾಗಿ ನೊಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಸಿರುಗುಪ್ಪದ ಕಡೆ ಭತ್ತದ ಗದ್ದೆಗಳು ಹಸಿರಾದವು. ಆದರೂ ನಲ್ಲಿಯಲ್ಲಿ ನೀರು ಬರುವ ದಿನಕ್ಕಾಗಿ ಕೊಡ ಬಿಂದಿಗೆ ಸಾಲಿಟ್ಟು ಕಾದ ನೆನಪು ನಮ್ಮಲ್ಲಿ ಅನೇಕರಿಗಿದೆ. ಆದ್ದರಿಂದ ಶುಭಸಂದೇಶದ ಒಂದು ಮಾತು ಬೇರೆ ಊರಿನವರಿಗಿಂತ ನಮಗೆ ಬೇಗ ನಾಟಬೇಕು. ಶಿಲುಬೆಯ ಮೇಲೆ ಪ್ರಾಣ ಬಿಡುವ ಮುನ್ನ ಪ್ರಭು ಯೇಸು ತಮಗೆ ಬಾಯಾರಿಕೆಯಾಗಿದೆ ಎಂದರು (ಯೊವಾನ್ನ 19:28).

ಅದು ದೇಹದ ಬಾಯಾರಿಕೆ, ಸಂಶಯವಿಲ್ಲ. ರಕ್ತ ಸುರಿದ ದೇಹಕ್ಕೆ ನೀರು ಬೇಕೇ ಬೇಕು. ಆದರೆ ಅಷ್ಟೇ ಆಗಿದ್ದರೆ ಸಂತ ಯೊವಾನ್ನರು ಅದನ್ನು ಅಷ್ಟು ಜೋಪಾನವಾಗಿ ಬರೆದಿಡುತ್ತಿದ್ದರೇ? ಅದೇ ಶುಭಸಂದೇಶದ ನಾಲ್ಕನೆಯ ಅಧ್ಯಾಯಕ್ಕೆ ಹೋಗಿ ನೋಡಿ. ಅಲ್ಲಿಯೂ ಮಧ್ಯಾಹ್ನ, ಅಲ್ಲಿಯೂ ಬಿಸಿಲು. ನಡೆದು ದಣಿದ ಪ್ರಭು ಯಕೋಬನ ಬಾವಿಯ ಬಳಿ ಕುಳಿತಿದ್ದಾರೆ. ಸಮಾರಿಯದ ಸ್ತ್ರೀಯೊಬ್ಬಳು ಕೊಡ ಹಿಡಿದು ಬರುತ್ತಾಳೆ. ಐದು ಗಂಡಂದಿರನ್ನು ಕಂಡವಳು. ಊರ ಹೆಂಗಸರ ಬಾಯಿಗೆ ಸಿಕ್ಕದಿರಲೆಂದೇ ಆ ಹೊತ್ತಿನಲ್ಲಿ ಬಂದಳು ಎಂದು ವ್ಯಾಖ್ಯಾನಕಾರರು ಅನೇಕರು ಹೇಳುತ್ತಾರೆ. ನೀರಿನ ಸರದಿಯಲ್ಲಿ ನಿಂತು ಮಾತು ಕೇಳಿಸಿಕೊಂಡವರಿಗೆ ಅದು ನಂಬಲಾಗದ ಸಂಗತಿಯೇನಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಬಂದವಳಿಗಾಗಿ ಅಲ್ಲಿ ಒಬ್ಬರು ಆಗಲೇ ಕಾದು ಕುಳಿತಿದ್ದರು. ಮೊದಲು ಬೇಡಿದವರೂ ಅವರೇ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮಲ್ಲಿ ಹೆಚ್ಚಿನವರ ಪ್ರಾರ್ಥನೆ ಕಚೇರಿಗೆ ಅರ್ಜಿ ಹಿಡಿದು ಹೋದಂತಿರುತ್ತದೆ. ದೊಡ್ಡವರು ಒಳಗಿದ್ದಾರೆ, ನಾವು ಬಾಗಿಲಲ್ಲಿ. ಅವರ ಮನಸ್ಸು ಕರಗಬೇಕು, ಸಂತರ ಶಿಫಾರಸು ಬೇಕು. ಸಂತರ ಬಿನ್ನಹ ಬೇಡವೆಂದಲ್ಲ. ಆದರೆ ದೇವರು ಮನಸ್ಸಿಲ್ಲದವರು, ನಾವು ಒಲಿಸಿಕೊಳ್ಳಬೇಕಾದವರು ಎಂಬ ಲೆಕ್ಕವೇ ತಲೆಕೆಳಗು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾರ್ಥನೆಯ ಭಾಗದ ಆರಂಭದಲ್ಲಿಯೇ ನಮ್ಮನ್ನು ಈ ಬಾವಿಯ ಬಳಿಗೆ ಕರೆತರುತ್ತದೆ. ನಾವು ಅರಿತಿರಲಿ ಬಿಡಲಿ, ದೇವರ ಬಾಯಾರಿಕೆ ನಮ್ಮ ಬಾಯಾರಿಕೆಯನ್ನು ಸಂಧಿಸುವುದೇ ಪ್ರಾರ್ಥನೆ ಎಂಬುದು ಅದರ ಬೋಧನೆ.

‘ದೇವರಿಗೆ ಕೊರತೆಯೇ? ಸರ್ವಸಂಪೂರ್ಣರಿಗೆ ನಮ್ಮಿಂದ ಏನಾಗಬೇಕು?’ ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ದೇವರಿಗೆ ಯಾವ ಕೊರತೆಯೂ ಇಲ್ಲ. ಆದರೆ ಹಂಬಲ ಕೊರತೆಯಿಂದಲೇ ಹುಟ್ಟಬೇಕೆಂದಿಲ್ಲ. ಕ್ರಿಸ್ಮಸ್ ಹಬ್ಬಕ್ಕೆ ಅಡಿಗೆಯೆಲ್ಲ ಸಿದ್ಧವಾಗಿದೆ, ಮನೆತುಂಬ ನೆಂಟರಿದ್ದಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಬರಲಿಲ್ಲವೆಂದರೆ ತಾಯಿಗೆ ತುತ್ತು ಇಳಿಯುವುದಿಲ್ಲ. ಅವನಿಂದ ಆಕೆಗೆ ಆಗಬೇಕಾದ್ದೇನೂ ಇಲ್ಲ, ಅವನೇ ಬೇಕು. ಪ್ರವಾದಿ ಹೊಶೇಯನು ದೇವರನ್ನು ಮಗುವಿಗೆ ಕೈಹಿಡಿದು ನಡೆಯಲು ಕಲಿಸಿದ ತಂದೆಯಾಗಿ ಚಿತ್ರಿಸುತ್ತಾನೆ (11ನೆಯ ಅಧ್ಯಾಯ). ಆ ಮಗು ದೊಡ್ಡದಾಗಿ ಬೆನ್ನು ತಿರುಗಿಸಿದಾಗ ಶಿಕ್ಷಿಸಬೇಕಾದ ತಂದೆಯ ಕರುಳೇ ಮರುಗುತ್ತದೆ. 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಇದೇ ಪ್ರವಾದಿಯನ್ನು ಮುಂದಿಟ್ಟುಕೊಂಡು, ದೇವರ ಪ್ರೀತಿ ಕೇವಲ ಮೇಲಿನಿಂದ ಸುರಿಯುವ ದಯೆಯಲ್ಲ, ಅದರಲ್ಲಿ ತೀವ್ರವಾದ ಬಯಕೆಯೂ ಇದೆ ಎಂದು ಬರೆದರು. ನಮ್ಮ ನಾಡಿನ ಭಕ್ತರು ದೇವರಿಗಾಗಿ ಹಂಬಲಿಸಿದ್ದನ್ನು ನಾವು ಬಲ್ಲೆವು. ದೇವರೇ ಭಕ್ತನಿಗಾಗಿ ಹಂಬಲಿಸುತ್ತಾರೆಂಬ ಮಾತಿಗೆ ಮಾತ್ರ ನಮ್ಮ ಕಿವಿ ಇನ್ನೂ ಒಗ್ಗಿಲ್ಲ.

ಇನ್ನೊಂದು ಮಾತು. ನಮ್ಮ ಬಡಾವಣೆಗೆ ಈ ಹೆಸರು ಬಂದದ್ದು ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟದ್ದರಿಂದ. ದಂಡು ಹೊರಟುಹೋಯಿತು, ಹೆಸರು ಉಳಿಯಿತು. ವಾರ್ತೆಯಾಗಿದ್ದವರು ಮನುಷ್ಯರಾಗಿ ನಮ್ಮ ನಡುವೆ ವಾಸಿಸಿದರು ಎನ್ನುವಾಗ ಯೊವಾನ್ನರು ಬಳಸಿದ ಗ್ರೀಕ್ ಪದದ ಮೂಲಾರ್ಥವೂ ಡೇರೆ ಹಾಕುವುದು ಎಂದೇ. ಆದರೆ ಆ ಡೇರೆ ಕಿತ್ತು ಹೋಗಲಿಲ್ಲ. ನಮ್ಮ ದೇವಾಲಯಗಳಲ್ಲಿ ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಉರಿಯುವ ಸಣ್ಣ ದೀಪ ಅದನ್ನೇ ಹೇಳುತ್ತದೆ.

ಈ ಬಾಯಾರಿಕೆಯನ್ನು ನಮ್ಮ ದೇಶದಲ್ಲಿ ಮದರ್ ತೆರೇಸಾರಷ್ಟು ಗಂಭೀರವಾಗಿ ತೆಗೆದುಕೊಂಡವರು ವಿರಳ. ಅವರ ಸಭೆಯ ಪ್ರತಿಯೊಂದು ಪ್ರಾರ್ಥನಾಲಯದಲ್ಲಿ ಶಿಲುಬೆಯ ಪಕ್ಕ ಪ್ರಭುವಿನ ಆ ಮಾತನ್ನು ಬರೆದಿರುತ್ತಾರೆ. 1993ರ ಮಾರ್ಚ್ 25ರಂದು ವಾರಣಾಸಿಯಿಂದ ತಮ್ಮ ಭಗಿನಿಯರಿಗೆ ಬರೆದ ಪತ್ರದಲ್ಲಿ, ಯೇಸು ತಮಗಾಗಿ ಬಾಯಾರಿದ್ದಾರೆಂಬುದನ್ನು ಪ್ರತಿಯೊಬ್ಬರೂ ಸ್ವತಃ ಅರಿಯಬೇಕೆಂದು ತಾಯಿ ಕಳಕಳಿಯಿಂದ ಬೇಡಿಕೊಂಡರು. ಆದರೆ 2007ರಲ್ಲಿ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದಾಗ ಲೋಕ ಬೆರಗಾಯಿತು. ದಶಕಗಳ ಕಾಲ ಅವರು ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯವನ್ನೇ ಅನುಭವಿಸಿರಲಿಲ್ಲ. ಒಳಗೆ ಕತ್ತಲು, ಒಣಗಿದ ನೆಲ. ಹಾಗಿದ್ದೂ ಬೆಳಗಾಗೆದ್ದು ಬಲಿಪೂಜೆಗೆ ಹೋದರು, ಬೀದಿಯಲ್ಲಿ ಬಿದ್ದವರನ್ನು ಎತ್ತಿಕೊಂಡರು. ‘ಪೂಜೆಗೆ ಹೋಗುತ್ತೇನೆ, ಏನೂ ಅನ್ನಿಸುವುದಿಲ್ಲ’ ಎಂದು ಕೊರಗುವವರು ಇದನ್ನು ನೆನೆಯಬೇಕು. ನಿಮಗೆ ಏನನ್ನಿಸುತ್ತದೆ ಎಂಬುದರ ಮೇಲೆ ದೇವರ ಹಂಬಲ ನಿಂತಿಲ್ಲ.

ಹತ್ತು ವರ್ಷದಿಂದ ಪಾಪನಿವೇದನೆಗೆ ಹೋಗದವರು, ಕುಡಿತಕ್ಕೆ ಬಿದ್ದವರು, ಮದುವೆಯ ತೊಡಕಿನಿಂದ ದೂರ ಉಳಿದವರು ‘ಯಾವ ಮುಖ ಇಟ್ಟುಕೊಂಡು ಹೋಗಲಿ?’ ಎನ್ನುತ್ತಾರೆ. ಅಂಥವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗೆ ಮೊದಲು ಬೇಕಾದದ್ದು ಬುದ್ಧಿಮಾತಲ್ಲ. ಬಾವಿಯ ಬಳಿ ಪ್ರಭುವೂ ಗಂಡಂದಿರ ವಿಷಯ ಎತ್ತಿದ್ದು ನೀರಿನ ಮಾತಾದ ಮೇಲೆ. ಹಾಗೆಂದು ಈ ಹಂಬಲ ಯಾರನ್ನೂ ಎಳೆದು ತರುವುದಿಲ್ಲ. ಮಾರ್ಕನ ಶುಭಸಂದೇಶದ ಆ ಧನಿಕನನ್ನು ಯೇಸು ದಿಟ್ಟಿಸಿ ನೋಡಿ ಪ್ರೀತಿಸಿದರು, ಆದರೂ ಅವನು ವ್ಯಸನಪಟ್ಟುಕೊಂಡು ಹೊರಟುಹೋದ (10:17-22). ಪ್ರಭು ಓಡಿಹೋಗಿ ತೋಳು ಹಿಡಿಯಲಿಲ್ಲ. ಅವನು ಮರಳಿ ಬಂದನೆಂದು ಎಲ್ಲಿಯೂ ಬರೆದಿಲ್ಲ. ಪ್ರೀತಿಯನ್ನು ನಿರಾಕರಿಸಲು ಸಾಧ್ಯ ಎಂಬ ಭಯ ನಮ್ಮಲ್ಲಿ ಸ್ವಲ್ಪ ಇರಲಿ.

ಕಡೆಯ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತಾಗ, ಈ ಊಟಕ್ಕಾಗಿ ತಾವು ಎಷ್ಟು ಹಂಬಲಿಸಿದ್ದೆವೆಂದು ಪ್ರಭುವೇ ಹೇಳಿಕೊಂಡರು (ಲೂಕ 22:15). ಆ ಪಂಕ್ತಿಯಲ್ಲಿ ಯೂದನೂ ಇದ್ದ, ಬೆಳಗಾಗುವುದರೊಳಗೆ ಮೂರು ಬಾರಿ ಅಲ್ಲಗಳೆಯಲಿದ್ದ ಪೇತ್ರನೂ ಇದ್ದ.

ಬರುವ ತಿಂಗಳ ಮೊದಲ ಶುಕ್ರವಾರ ಮನೆಯ ಪವಿತ್ರ ಹೃದಯದ ಪಟದ ಮುಂದೆ ಕುಟುಂಬದವರೆಲ್ಲ ಸೇರಿದಾಗ, ಬೇಡಿಕೆಗಳನ್ನು ಬದಿಗಿಟ್ಟು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ‘ಬಂದಿದ್ದೇನೆ’ ಎಂದಷ್ಟೇ ಹೇಳಿದರೂ ಆದೀತು. ಚಿಕ್ಕ ಮಕ್ಕಳು ಅಷ್ಟು ಹೊತ್ತು ಸುಮ್ಮನಿರಲಾರರು. ಅವರಿಗೆ ಬಾವಿಯ ಕಥೆ ಹೇಳಿ. ನೀರಿಗೆಂದು ಬಂದ ಆ ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡಿದಳಲ್ಲ, ಯಾಕೆ ಎಂದು ಅವರನ್ನೇ ಕೇಳಿ.